ಸಾವನದುರ್ಗದ ಮೇಲಿಂದ ಬಂದ ಹಡಗು

ಅಪ್ಪಾ,

ಅಕ್ಷರ ಸೊಟ್ಟಗಾದರೆ ಬೈಯಲು ನೀನಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಸಾವನದುರ್ಗದ ಕಡೆಯಿಂದ ಆಕಾಶದಲ್ಲೊಂದು ಹಡಗೇ ಬಂತು! ಮನೆಗಿಂತ ದೊಡ್ಡ ಬಲೂನು, ಅದರಡಿ ಬುಟ್ಟಿ, ಬುಟ್ಟಿಯಲ್ಲೊಬ್ಬ ಹೆಂಗಸು. ಜೋತುಬಿದ್ದಿದ್ದ ಹಗ್ಗವನ್ನು ಹೊಲದಲ್ಲಿ ನಾಟಕದ ಅಭ್ಯಾಸಕ್ಕೆ ಸೇರಿದ್ದ ನಮ್ಮ ತಂಡದವರು ಹಿಡಿದರು. ಪರದೆ ಎಳೆಸುವ ದನಿಯಲ್ಲೇ "ಎಳೀರ್ಲಾ!" ಎಂದು ಗರ್ಜಿಸಿದೆ. ಎಲ್ಲರೂ ಎಳೆದರು.

ಅವಳು ಏನೋ ಕಿರುಚುತ್ತಿದ್ದಳು. ನನ್ನ ಗಂಟಲಿನೆದುರು ಯಾರಿಗೆ ಕೇಳಬೇಕು?

"ಮೇಷ್ಟ್ರೇ, ಒಸಿ ಬಾಯ್ ಮುಚ್ಚಿ! ಬುಡಿ ಅಂತಾವ್ಳೆ, ಕೆಳ್ಗೆ ಲೈನ್ ಐತೆ!" ಎಂದು ಪಕ್ಕದ ಹೊಲದ ಶಿವಲಿಂಗಮ್ಮ ಕೂಗಿದಳು.

ಹೊಸ ಫ್ಯಾಕ್ಟರಿಗೆ ಎಳೆದ ಹೈಟೆನ್ಷನ್ ತಂತಿ! ನಾವೇ ಬುಟ್ಟಿಯನ್ನು ಅದರ ಮೇಲೆ ಇಳಿಸುತ್ತಿದ್ದೆವು. ನೀನು ಆಡುತ್ತಿದ್ದ ನಾಟಕದ ಕಥೆ ಕಣ್ಣಮುಂದೆ ಬಂತು. ಮುಗಿಲ ಹಡಗಿನ ಲಂಗರು ಗುಡಿಯ ಕಳಸಕ್ಕೆ ಸಿಕ್ಕಿತ್ತು. ಬಿಡಿಸಲು ಇಳಿದವನನ್ನು ಊರವರು ಅಕ್ಕರೆಯಿಂದ ಹಿಡಿದುಕೊಂಡರು. ಅವನು ನೀರಲ್ಲಿ ಮುಳುಗಿದವನಂತೆ ಉಸಿರುಗಟ್ಟಿದ. "ಬುಡ್ರಪ್ಪಾ, ನಮ್ ಗಾಳಿ ಅವ್ನಿಗೆ ನೀರು" ಎಂದ ಹಿರಿಯನ ಪಾತ್ರ ನಿನ್ನದೇ.

"ಬುಡ್ರೋ!" ಎಂದು ಅರಚಿದೆ. ಹಗ್ಗ ಬಿಟ್ಟರು. ಬುಟ್ಟಿ ಮೊಳದಷ್ಟು ಅಂತರದಲ್ಲಿ ತಂತಿ ದಾಟಿ ಮೇಲೇರಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬದುವಿನ ಮೇಲೆ ಕೂತುಬಿಟ್ಟೆ.

ನಿನ್ನ ಕೊನೆಯ ದಿನಗಳಲ್ಲಿ, ಆಸ್ಪತ್ರೆಯಲ್ಲಿ ನೀನು ಆಕ್ಸಿಜನ್ ಮಾಸ್ಕ್ ಕಿತ್ತೆಸೆದಾಗಲೆಲ್ಲ ನಾನು ಗದರಿ ಮತ್ತೆ ಹಾಕುತ್ತಿದ್ದೆ. "ಬುಡ್ಲಾ, ಮನೆಗೋಗನ" ಎಂದೆ ನೀನು. ಮೂರನೆಯ ದಿನ ನಿನ್ನ ಕೈಗಳನ್ನು ಮಂಚಕ್ಕೆ ಕಟ್ಟಿದವನು ನಾನೇ. ನೋವಾಗದಿರಲಿ ಎಂದು ಮೆತ್ತನೆಯ ಟವೆಲ್ಲಿನಲ್ಲೇ ಕಟ್ಟಿದ್ದೆ, ಅಪ್ಪಾ.