ಲಿಫ್ಟಿನೊಳಗೆ ಹಾಡು ಬೇಡ

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಿನ್ನೆಯ ಸಂಚಿಕೆ ನೋಡಿ ನೀನು ಮುಖ ಊದಿಸಿಕೊಂಡಿರುತ್ತೀಯ ಎಂದು ಗೊತ್ತು. ಆದರೂ ಮೊದಲು ನಮಸ್ಕಾರ. ಫೋನ್ ಮಾಡಿದರೆ ನೀನು ಅಳುತ್ತೀಯ, ನಾನು ಕರಗಿ ಎಲ್ಲದಕ್ಕೂ ಹೂಂ ಅಂದುಬಿಡುತ್ತೇನೆ. ಅದಕ್ಕೇ ಈ ಕಾಗದ. ಪೂರ್ತಿ ಓದದೆ ಮಡಚಿಡಬೇಡ.

ಸುತ್ತಿ ಬಳಸಿ ಹೇಳುವುದಿಲ್ಲ. ನನ್ನ ಕೆಲಸ ಹೋಯಿತು. ನಾಲ್ಕು ವರ್ಷದಿಂದ ಸಂಭಾಷಣೆ ಬರೆಯುತ್ತಿದ್ದ ಧಾರಾವಾಹಿಯಲ್ಲಿ ನಾಳೆಯಿಂದ ನನ್ನ ಹೆಸರು ಬರುವುದಿಲ್ಲ. ಗೊತ್ತಿಲ್ಲದೆ ಆದ ತಪ್ಪಲ್ಲ, ಬೇಕೆಂದೇ ಮಾಡಿದ್ದು.

ನಿನ್ನ ಮೆಚ್ಚಿನ ಮೇಸ್ತ್ರಿ ಮತ್ತು ಗಡಿಬಿಡಿ ಇದ್ದಾರಲ್ಲ, ಲಿಫ್ಟ್ ರಿಪೇರಿಯ ಜೋಡಿ, ಅವರ ನಡುವೆ ಪ್ರೀತಿ ಹುಟ್ಟಿಸು ಎಂದು ಚಾನೆಲ್‌ನ ಸಾಹೇಬರು ಎರಡು ತಿಂಗಳಿಂದ ನನ್ನ ತಲೆ ತಿನ್ನುತ್ತಿದ್ದರು. ಮೇಸ್ತ್ರಿ ಬೈಯುವುದು, ಅವಳ ಸಹಾಯಕ ಗಡಿಬಿಡಿ ನಗುವುದು, ಇಬ್ಬರೂ ಸೇರಿ ಕೆಟ್ಟು ನಿಂತ ಲಿಫ್ಟನ್ನು ಮೇಲೆತ್ತುವುದು, ಜನ ನೋಡುತ್ತಿರುವುದೇ ಅದನ್ನು ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. “ಒಂದು ಹೆಣ್ಣು ಒಂದು ಗಂಡು ಇಷ್ಟು ದಿನ ಒಟ್ಟಿಗಿದ್ರೆ ಸುಮ್ನೆ ಇರ್ತಾರೇನ್ರೀ?” ಎಂದರು. “ಸುಮ್ನೆ ಎಲ್ಲಿದಾರೆ ಸಾರ್, ದಿನಕ್ಕೆ ಆರು ಲಿಫ್ಟ್ ರಿಪೇರಿ ಮಾಡ್ತಾರೆ” ಎಂದೆ. ಅವರಿಗೆ ನಗು ಬರಲಿಲ್ಲ.

ಕೊನೆಗೆ ಅವರೇ ಒಂದು ದೃಶ್ಯ ಹೇಳಿದರು. ಲಿಫ್ಟ್ ಮಧ್ಯದಲ್ಲಿ ನಿಲ್ಲುತ್ತದೆ, ದೀಪ ಆರುತ್ತದೆ, ಮೇಸ್ತ್ರಿ ಹೆದರಿ ಗಡಿಬಿಡಿಯ ಎದೆಗೆ ಒರಗುತ್ತಾಳೆ, ಹಾಡು ಶುರು. ಅಮ್ಮ, ನೀನೇ ಹೇಳು! ಹನ್ನೆರಡು ವರ್ಷ ಲಿಫ್ಟ್ ರಿಪೇರಿ ಮಾಡಿದ ಹೆಂಗಸು ಲಿಫ್ಟ್ ನಿಂತಿತೆಂದು ಹೆದರುತ್ತಾಳಾ? ನಲವತ್ತು ವರ್ಷ ಅಡುಗೆ ಮಾಡಿದ ನೀನು ಹಾಲು ಉಕ್ಕಿತೆಂದು ಮೂರ್ಛೆ ಹೋಗುತ್ತೀಯಾ?

ಮುಂಚೆಯೇ ಮಾಡಿಟ್ಟುಕೊಂಡ ಸಂಚಿಕೆಗಳು ನಮ್ಮಲ್ಲಿ ಎಂದೋ ಮುಗಿದುಹೋಗಿವೆ. ಬೆಳಿಗ್ಗೆ ಸೆಟ್‌ಗೆ ಹೋದ ಹಾಳೆ ಮಧ್ಯಾಹ್ನ ಚಿತ್ರೀಕರಣವಾಗಿ ಸಂಜೆ ಏಳೂವರೆಗೆ ನಿನ್ನ ಮನೆಗೆ ಬರುತ್ತದೆ. ತಿರುಗಿ ನೋಡಲು ಯಾರಿಗೂ ಪುರುಸೊತ್ತಿಲ್ಲ. ಅದನ್ನೇ ಬಳಸಿಕೊಂಡೆ. ಸಾಹೇಬರು ಒಪ್ಪಿದ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಬೇರೆ ಹಾಳೆ ಕಳಿಸಿದೆ. ನೀನು ನೋಡಿದ್ದು ಅದು. ಅವನು ಟಾರ್ಚ್ ಹಿಡಿಯುತ್ತಾನೆ, ಅವಳು ಮುಚ್ಚಳ ಬಿಚ್ಚಿ ವೈರು ಸರಿಮಾಡುತ್ತಾಳೆ. ಹೊರಗೆ ಕಾಯುತ್ತಿದ್ದ ಅಜ್ಜಿ, ನೀವಿಬ್ಬರೂ ಮದುವೆಯಾಗಬಾರದೇ ಎಂದಾಗ ಮೇಸ್ತ್ರಿ, “ಇವನು ಹಗ್ಗ ಹಿಡಿದಿದ್ರೆ ನಾನು ಹತ್ತನೇ ಮಹಡಿಯಿಂದ ಕಣ್ಮುಚ್ಚಿ ಇಳೀತೀನಿ ಅಜ್ಜಿ. ಇದಕ್ಕಿಂತ ಇನ್ನೇನು ಬೇಕು?” ಎನ್ನುತ್ತಾಳೆ. ಆ ಮಾತು ಬರೆಯುವಾಗ ನನ್ನ ಕೈ ಒಂದಿಷ್ಟೂ ತಡೆಯಲಿಲ್ಲ.

ಅದಕ್ಕೆ ಹಾಡು ಅಂಟಿಸದೆ ಹಾಗೇ ಬಿಟ್ಟವನು ನಮ್ಮ ಸಂಕಲನಕಾರ, ಕತ್ತರಿ. ಈ ಧಾರಾವಾಹಿಗೂ ಮುಂಚಿನಿಂದ, ಒಂಬತ್ತು ವರ್ಷದಿಂದ ನನ್ನ ಜೊತೆ ಕೆಲಸ ಮಾಡುವವನು. ನೀನು ಬಂದಾಗಲೆಲ್ಲ ನಮ್ಮಿಬ್ಬರನ್ನು ಕೋಣೆಯಲ್ಲಿ ಬಿಟ್ಟು ಇಲ್ಲದ ಕೆಲಸ ಹುಡುಕಿಕೊಂಡು ಒಳಗೆ ಹೋಗುತ್ತೀಯಲ್ಲ, ಅವನೇ. ಇವತ್ತು ಬೆಳಿಗ್ಗೆ ಸಾಹೇಬರು ಕೂಗಾಡಿದಾಗ, ಹಾಡು ಬೇಡವೆಂದು ನೀವೇ ಹೇಳಿದ್ದೀರಿ ಅಂತ ಕತ್ತರಿಗೆ ನಾನೇ ಸುಳ್ಳು ಹೇಳಿದ್ದೆ, ಅವನದೇನೂ ತಪ್ಪಿಲ್ಲ ಎಂದೆ. ಅವನು ನಿಜ ಹೇಳಲು ಎದ್ದ. ಕಾಲು ತುಳಿದು ಕೂರಿಸಿದೆ. ಆಮೇಲೆ ಮೆಟ್ಟಿಲ ಮೇಲೆ ನಿಂತು ಅವನು ನನ್ನನ್ನು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಸಾಹೇಬರು ಒಂದು ದಾರಿ ತೋರಿಸಿದ್ದರು. ನಿನ್ನೆಯದೆಲ್ಲ ಮೇಸ್ತ್ರಿ ಕಂಡ ಕನಸು ಎಂದು ಬರೆದು, ಶುಕ್ರವಾರ ಅವಳಿಂದ ಪ್ರೀತಿ ಒಪ್ಪಿಸಿದರೆ ಕೆಲಸ ಉಳಿಯುತ್ತದಂತೆ. ಆಗಲ್ಲ ಎಂದು ಎದ್ದು ಬಂದೆ. ಬೇರೆಯವರು ಬರೆಯುತ್ತಾರೆ, ಮದುವೆಯೂ ಮಾಡಿಸುತ್ತಾರೆ. ಮಾಡಿಸಲಿ, ನನ್ನ ಕೈಯಿಂದ ಮಾಡಿಸಲು ಆಗಲಿಲ್ಲವಲ್ಲ! ಭಯವಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಮನಸ್ಸು ಹಗುರವಾಗಿದೆ, ಎರಡು ಸಲ ಊಟ ಮಾಡಿದೆ.

ಇನ್ನೊಂದು ಮಾತು. ಕತ್ತರಿ ನನ್ನ ಗಂಡನಾಗುವುದಿಲ್ಲ. ಅದು ನಾವಿಬ್ಬರೂ ಎಂದೋ ಕೂತು ಮಾತಾಡಿ, ನಕ್ಕು, ಮುಗಿಸಿದ ವಿಷಯ. ಅವನಿಗೂ ಕೊರತೆಯಿಲ್ಲ, ನನಗೂ ಇಲ್ಲ. ಇದನ್ನು ನಿನ್ನ ಮುಖ ನೋಡಿ ಹೇಳುವ ಧೈರ್ಯ ಮಾತ್ರ ನನಗೆ ಇಷ್ಟು ವರ್ಷವೂ ಬರಲಿಲ್ಲ. ಈಗ ಹೇಳಿದೆ, ಬೇಕಾದರೆ ಬೈದುಕೋ.

ನಿನ್ನ ಹಟಮಾರಿ,
ದೊಡ್ಡ ಮಗಳು

ತಾ.ಕ.: ಆ ದೃಶ್ಯ ಹೇಳಿದ ದಿನ ಸಾಹೇಬರು, ಜನರೇ ಕೇಳುತ್ತಿದ್ದಾರೆ ನೋಡಿ ಎಂದು ಮೇಜಿನ ಮೇಲೆ ಒಂದು ಕಾಗದ ಎಸೆದರು. ಅವರಿಬ್ಬರಿಗೂ ಬೇಗ ಮದುವೆ ಮಾಡಿಸಿ, ಅದರಿಂದಾದರೂ ಬರೆಯುವ ಹುಡುಗಿಗೆ ಬುದ್ಧಿ ಬರಲಿ ಎಂದಿತ್ತು. ಕೆಳಗೆ ಹೆಸರಿಲ್ಲ, ‘ಒಬ್ಬ ತಾಯಿ’ ಎಂದಷ್ಟೇ. ಹಾಳೆ ತುಂಬಿದ ಮೇಲೂ ನಿಲ್ಲಿಸದೆ ಅಂಚಿನ ಸುತ್ತ ತಿರುಗಿಸಿ ತಿರುಗಿಸಿ ಬರೆಯುವವರು ನನಗೆ ಗೊತ್ತಿರುವಂತೆ ಒಬ್ಬರೇ. ಯಾರ ಕಾಗದವೆಂದು ನಾನು ಸಾಹೇಬರಿಗೆ ಹೇಳಲಿಲ್ಲ. ಇನ್ನು ಮೇಲೆ ನನ್ನನ್ನು ಏನಾದರೂ ಕೇಳುವುದಿದ್ದರೆ ಚಾನೆಲ್‌ಗೆ ಬರೆಯಬೇಡಮ್ಮ, ನನಗೆ ಬರಿ. ಹೆಸರು ಹಾಕಿ ಬರಿ.