ಅಚ್ಚಿನ ಹಕ್ಕು, ಹಾಡಿನ ಹಕ್ಕು

ಕೋಟ
೧೮-೨-೧೯೪೬

ಚಿರಂಜೀವಿ ವೈಕುಂಠನಿಗೆ ನಿನ್ನ ಮೇಷ್ಟ್ರು ವೆಂಕಪ್ಪ ಮಧ್ಯಸ್ಥನ ಅನೇಕ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುವುದಿಲ್ಲ. ನಿನ್ನ ಕಾಗದಕ್ಕೆ ಉತ್ತರಿಸಲು ತಡವಾಯಿತು, ಕ್ಷಮಿಸು. ಉಪ್ಪುಂದದ ಸುದ್ದಿ ಮುಂಬಯಿಗೆ ಮುಟ್ಟಿ, ಶಾಮರಾಯರ ಕೈ ಕಡಿಯಲು ಕತ್ತಿ ಮಸೆದಿದ್ದೇನೆ, ಮುಂದಿನ ಹಡಗಿಗೆ ಬರುತ್ತೇನೆ ಎಂದು ಬರೆದಿರುವೆ. ಬರುವ ಮೊದಲು ಕಣ್ಣಾರೆ ಕಂಡವನ ಮಾತು ಕೇಳು.

ನಿನ್ನ ಯಕ್ಷಗಾನ ಪ್ರಸಂಗವನ್ನು ಅಚ್ಚು ಹಾಕಿ ಮಾರುವ ಏಕಮಾತ್ರ ಹಕ್ಕನ್ನು ನೀನು ಕುಂದಾಪುರದ ಪ್ರಕಾಶಕ ಶಾಮರಾಯರಿಗೆ ಬರೆದುಕೊಟ್ಟೆ. ಹಾಡುವ, ಆಡುವ ಹಕ್ಕೂ ತಮ್ಮದೇ ಎಂದೂ, ತಮ್ಮ ಭಾವನ ಮೇಳದ ಹೊರತು ಯಾರೂ ಅದನ್ನು ರಂಗಕ್ಕೆ ತರಕೂಡದೆಂದೂ ಅವರ ಹಟ. ನೀನು ಒಪ್ಪಿಗೆ ಕೊಟ್ಟ ಧೈರ್ಯದಿಂದ ಅಣ್ಣಯ್ಯ ಭಾಗವತರು ತಮ್ಮ ಮೇಳದಿಂದ ಉಪ್ಪುಂದದ ಗದ್ದೆಯಲ್ಲಿ ಅದನ್ನು ಆಡಿಸಿದರು.

ರಾತ್ರಿಯಿಡೀ ಆಟ ನಡೆದು ಮೂಡಣ ಬೆಳ್ಳಗಾಗುತ್ತಿತ್ತು. ರಕ್ಕಸನ ಪ್ರವೇಶದ ಪದ ಎತ್ತಿದೊಡನೆ ನಮ್ಮ ಬೆನ್ನ ಹಿಂದೆ ದೊಂದಿಗಳು ಉರಿದವು, ಕೂಗು ಕೇಳಿತು. ಬಣ್ಣದ ವೇಷ ಜನರ ನಡುವಿನಿಂದಲೇ ಅಬ್ಬರಿಸುತ್ತ ಬರುವುದು ನಮ್ಮ ವಾಡಿಕೆಯಲ್ಲವೇ? "ಹ್ವಾಯ್, ಬಣ್ಣದ್ ವೇಷ ಬಂತ್! ದಾರಿ ಬಿಡಿ ಮಕ್ಳೆ!" ಎಂದು ಒಬ್ಬ ಮುದುಕಿ ಮೊಮ್ಮಕ್ಕಳನ್ನು ಎಳೆದುಕೊಂಡಳು. ನಾವೇ ಎದ್ದು ದಾರಿ ಬಿಟ್ಟೆವು, ವೈಕುಂಠ.

ಬಂದವರು ಮುಖಕ್ಕೆ ಬಟ್ಟೆ ಸುತ್ತಿದ ಶಾಮರಾಯರ ಆಳುಗಳು. ಮೊದಲ ಪೆಟ್ಟಿಗೆ ಚಂಡೆ ಒಡೆಯಿತು. ಜನ ಕೇಕೆ ಹಾಕಿದರು. "ಈ ವೇಷಕ್ ಬಣ್ಣವೇ ಬ್ಯಾಡ ಮಾರಾಯ್ರೆ!" ಎಂದು ಪಕ್ಕದವನು ನಕ್ಕ. ಅಣ್ಣಯ್ಯನವರ ಕೈಯ ಜಾಗಟೆ ಕಿತ್ತು, ಅದರಿಂದಲೇ ಅವರ ದವಡೆಗೆ ಬಡಿದರು. ಹಲ್ಲುಗಳು ರಕ್ತದೊಡನೆ ಪಂಚೆಯ ಮೇಲೆ ಉದುರಿದವು. ಸ್ತ್ರೀವೇಷದ ಹುಡುಗ ಕುಷ್ಟ ಅಡ್ಡ ಬಂದ. ಒಬ್ಬನು ಅವನ ಸೀರೆಗೆ ದೊಂದಿ ಹಿಡಿದ. ಉರಿಯುತ್ತಲೇ ಅವನು "ಅಬ್ಬೇ!" ಎಂದು ಕಿರಿಚಿ ಪಕ್ಕದ ಗದ್ದೆಯ ಕೆಸರಿಗೆ ಬಿದ್ದಾಗಲೇ ಇದು ಆಟವಲ್ಲವೆಂದು ನಮಗೆ ತಿಳಿದದ್ದು. "ಬರ್ದವ ಬರ್ದ್ ಕೊಟ್ಟಾಯ್ತ್, ಇದ್ ನಂದ್! ಇನ್ನೊಂದ್ ಪದ ಹೇಳಿರೆ ನಾಲ್ಗಿ ಕೀಳ್ತೆ!" ಎಂದು ಶಾಮರಾಯರು ಬದುವಿನ ಮೇಲೆ ನಿಂತು ಗರ್ಜಿಸುತ್ತಿದ್ದರು.

ಕುಷ್ಟ ಆಸ್ಪತ್ರೆಯಲ್ಲಿ ಬೋರಲಾಗಿ ಮಲಗಿದ್ದಾನೆ. ಬೆನ್ನಿನ ಚರ್ಮ ಉಳಿದಿಲ್ಲ. ಭಾಗವತರಿಗೆ ದವಡೆ ಕಟ್ಟಿದ್ದಾರೆ. ಅವರಿಗೆ ಗಂಜಿಯ ತಿಳಿ ಕುಡಿಸುತ್ತ ಹೆಂಡತಿ ಜಲಜ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಮಾಷ್ಟ್ರೆ, ವೈಕುಂಠನಿಗ್ ಹೇಳಿ. ಕತ್ತಿ ಹಿಡ್ಕಂಡ್ ಬಂದ್ರೆ ಈ ಮನಿ ಮೆಟ್ಲ್ ಹತ್ತುಕಾಗ. ಪದ ನಂದ್ ಅಂದೇಳಿ ಕೋರ್ಟಂಗೆ ಹೇಳುಕ್ ಬಪ್ದಾರೆ ಬರ್ಲಿ."

ಇಷ್ಟು ಮಾಡಿದ ಶಾಮರಾಯರೇ ಈಗ ಜಿಲ್ಲಾ ಕೋರ್ಟಿನಲ್ಲಿ ಮೇಳದ ಮೇಲೆ ದಾವೆ ಹೂಡಿದ್ದಾರೆ. ನಮ್ಮ ವಕೀಲರು ನಿನ್ನ ಕರಾರನ್ನು ಓದಿದರು. ಅದರಲ್ಲಿ ಅಚ್ಚಿನ ಮಾತಲ್ಲದೆ ಆಟದ ಮಾತಿಲ್ಲ. "ಹುಡ್ಗ ಬಂದ್ ಬಾಯಿ ಬಿಟ್ರೆ ಸಾಕ್. ಕತ್ತಿ ಎತ್ತಿನೋ, ನಾವ್ ಗೆಲ್ಲು ದಾವೆ ಅಲ್ಲೇ ಸೋತ್ ಹೋತ್ತ್" ಎಂದರು. ನೀನು ಒಂದು ಕೈ ಕಡಿದರೆ ಹಾಡುವ ಹಕ್ಕು ಶಾಶ್ವತವಾಗಿ ಅವರದಾಗುತ್ತದೆ, ಮಗು. ನಿನಗೆ ಇನ್ನೂ ಚಿಕ್ಕ ವಯಸ್ಸು. ನೀನು ಬರೆಯಬೇಕಾದ ಪ್ರಸಂಗಗಳನ್ನು ಕೇಳಲು ನಾನು ಇನ್ನಷ್ಟು ಕಾಲ ಬದುಕುವ ಆಸೆ ಇಟ್ಟುಕೊಂಡಿದ್ದೇನೆ.

ಆನೆಗುಡ್ಡೆಯ ವಿನಾಯಕನು ನಿನಗೆ ತಾಳ್ಮೆಯನ್ನೂ ದೀರ್ಘಾಯುಷ್ಯವನ್ನೂ ಕೊಡಲಿ.

ಇತಿ ನಿನ್ನ ಶ್ರೇಯೋಭಿಲಾಷಿ,
ವೆಂಕಪ್ಪ ಮಧ್ಯಸ್ಥ

ಮತ್ತೊಂದು ಮಾತು: ಕುಷ್ಟನ ಸೀರೆಗೆ ದೊಂದಿ ಹಿಡಿದವನು ನನ್ನ ಮಗ ದಿನಕರ. ಶಾಮರಾಯರ ಮುದ್ರಣಾಲಯದಲ್ಲಿ ಅವನು ಕೆಲಸಕ್ಕಿದ್ದುದು ನಿನಗೆ ಗೊತ್ತು. ಮುಖಕ್ಕೆ ಸುತ್ತಿದ್ದ ಬಟ್ಟೆ ಜಾರಿದಾಗ ನೋಡಿದವನು ನಾನೊಬ್ಬನೇ. ಪೊಲೀಸರಿಗೆ ಇನ್ನೂ ಯಾರೂ ಅವನ ಹೆಸರು ಹೇಳಿಲ್ಲ. ನಾಳೆ ಹೇಳಿಕೆ ಕೊಡಲು ಬೈಂದೂರು ಠಾಣೆಗೆ ಹೋಗುತ್ತಿದ್ದೇನೆ. ಗೋದಾವರಿ ಒಳಗೆ ನನಗೆ ಬುತ್ತಿ ಕಟ್ಟುತ್ತಿದ್ದಾಳೆ. ಏಕೆ ಹೋಗುತ್ತೇನೆಂದು ಅವಳಿಗೆ, ದಿನಕರನ ತಾಯಿಗೆ, ಇನ್ನೂ ಹೇಳಿಲ್ಲ.