ಮುಚ್ಚಿದ ಗುಡ್ಡದ ಬೇಟೆ

ಚಾಲ್ವಾಯಾಕು,
ಬೊಬೊನಾಸಾ ನದಿ ದಂಡೆ
14 ಆಗಸ್ಟ್ 2011

ನನ್ನ ಎಲ್ವಿಯಾ,

ಅಪ್ಪನನ್ನು ಮಣ್ಣು ಮಾಡಿ ಪೂಯೊ ಪೇಟೆಗೆ ಹೊರಟಾಗ ನೀನು ನನ್ನ ಮುಖ ನೋಡಲಿಲ್ಲ. ಚಿಕ್ಕಪ್ಪನ ಮೇಲೆ ದೂರು ಕೊಡುತ್ತೀಯೆಂದು ದೋಣಿಯವನು ಹೇಳಿದ. ಕೊಡುವ ಮುಂಚೆ ಇದನ್ನು ಓದು.

ಎರಡು ವರ್ಷದ ಹಿಂದೆ ಆಚೆ ದಂಡೆಯ ಗುಡ್ಡದಲ್ಲಿ ಬೇಟೆ ಬೇಡವೆಂದು ಊರ ಸಭೆ ತೀರ್ಮಾನಿಸಿದಾಗ ಮೊದಲು ಕೈ ಎತ್ತಿದವರು ನಿನ್ನಪ್ಪ. ಎರಡನೆಯವನು ಅವರ ತಮ್ಮ ವೆನಾನ್ಸಿಯೊ. ಕೋವಿ ಬಂದ ಮೇಲೆ ದೊಡ್ಡ ಕೋತಿಗಳು ಕಣ್ಣಿಗೇ ಬೀಳದಾಗಿದ್ದವು. ಈಚೆ ದಂಡೆಯಲ್ಲಿ ಅಳಿಲು ಬಿಟ್ಟರೆ ಏನೂ ಸಿಗುತ್ತಿರಲಿಲ್ಲ. ಪೇಟೆಯ ಡಬ್ಬಿ ಮೀನು ತಿಂದುಕೊಂಡಿದ್ದೆವು.

ಅವತ್ತು ಆ ಗುಡ್ಡಕ್ಕೆ ನಿನ್ನಪ್ಪ ತಾವಾಗಿಯೇ ಹೊರಟರು. ಕೋವಿಯ ಸದ್ದು ಊರಿಗೆ ಕೇಳುತ್ತದೆಂದು ಬಾಣ ಊದಿ ಹೊಡೆಯುವ ನಿನ್ನಜ್ಜನ ಊದುಕೊಳವೆಯನ್ನು ಅಟ್ಟದಿಂದ ಇಳಿಸಿ, ಬಾಣಗಳ ತುದಿಗೆ ವಿಷ ಹಚ್ಚಿಕೊಂಡರು. ಗುಡ್ಡದ ಪೊದೆಯಲ್ಲಿ ಕುಳಿತು ಕಾಡುಕೋಳಿಯಂತೆ ಶಿಳ್ಳೆ ಹಾಕಿದ್ದಾರೆ. ಆ ಶಿಳ್ಳೆಗೆ ಕೋಳಿಗಳು ಕಾಲಬುಡಕ್ಕೇ ಬರುತ್ತಿದ್ದವು. ಅವತ್ತು ಬಂದದ್ದು ವೆನಾನ್ಸಿಯೊ. ಅವನೂ ಕದ್ದು ಬಂದಿದ್ದ, ಕೋವಿ ಹಿಡಿದು. ಸಿಕ್ಕಿಬಿದ್ದರೆ ನೋಡಿಕೊಂಡರಾಯಿತು ಎಂದುಕೊಂಡಿದ್ದನಂತೆ. ಊದುಕೊಳವೆಯವನು ಹಕ್ಕಿಯ ಕಣ್ಣು ಕಾಣುವವರೆಗೆ ಕಾಯಬೇಕು. ಕೋವಿಯವನು ಎಲೆ ಅಲ್ಲಾಡಿದ ಕಡೆ ಹೊಡೆಯುತ್ತಾನೆ.

ಅಣ್ಣನನ್ನು ಬೆನ್ನ ಮೇಲೆ ಹೊತ್ತು ತಂದು ಅಂಗಳದಲ್ಲಿ ಇಳಿಸಿದ. "ಹಕ್ಕಿ ಅಂದ್ಕೊಂಡೆ ಅತ್ತಿಗೆ. ಹಕ್ಕಿ ಅಂತ್ಲೇ ಅಂದ್ಕೊಂಡೆ," ಎಂದ. ನಿನ್ನಪ್ಪನಿಗೆ ಇನ್ನೂ ಉಸಿರಿತ್ತು. "ಸಭೇಲಿ ಹೇಳ್ಬೇಡಿ. ಮರದಿಂದ ಬಿದ್ದೆ ಅನ್ನಿ," ಎಂದರು. ಮೈಯೆಲ್ಲ ರಕ್ತ, ಆಗಲೂ ಅವರಿಗೆ ನಾಚಿಕೆ.

ವೆನಾನ್ಸಿಯೊ ಸಭೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡು, ಕೋವಿಯನ್ನು ಕಲ್ಲಿಗೆ ಬಡಿದು ಮುರಿದ. ಈಗ ದಿನಾ ನನಗೆ ಸೌದೆ ತಂದು ಹಾಕಿ ಹೋಗುತ್ತಾನೆ. ಒಂದು ಬಟ್ಟಲು ಗೆಣಸಿನ ಚಿಚಾ ಕುಡಿದು ಹೋಗು ಎಂದರೂ ನಿಲ್ಲುವುದಿಲ್ಲ. ಅವನನ್ನು ಜೈಲಿಗೆ ಹಾಕಿಸಬೇಡ ಮಗಳೇ.

ನಿನ್ನ ಅಮ್ಮ,
ಕ್ಲೆಮೆಂಟಿನಾ

ತಾ.ಕ. ನಿನ್ನಪ್ಪ ತಾವಾಗಿಯೇ ಹೊರಟರು ಎಂದು ಬರೆದದ್ದು ಸುಳ್ಳು. ಮೂರು ದಿನ ಒಲ್ಲೆ ಎಂದರು. ನಿನ್ನ ಮದುವೆಗೆ ಗಂಡಿನ ಕಡೆಯವರು ಬರುವವರಿದ್ದರಲ್ಲ. "ಬೀಗರ ಎಲೆಗೆ ಡಬ್ಬಿ ಮೀನು ಬಡಿಸ್ತೀರಾ? ನೀವೆಂಥ ಬೇಟೆಗಾರ? ಬನ್ನಿ, ನಮ್ ಹೆಂಗಸ್ರ ಜೊತೆ ಗೆಣಸು ಅಗೀರಿ," ಎಂದು ನಾಲ್ಕು ಜನರೆದುರು ಹಂಗಿಸಿದೆ. ಅದಕ್ಕೂ ಅವರು ಮಿಸುಕಲಿಲ್ಲ. ಆಗ ವೆನಾನ್ಸಿಯೊನ ಮನೆಗೆ ಹೋಗಿ ಅವನಿಗೂ ಅದನ್ನೇ ಅಂದೆ. ಮರುದಿನ ಒಬ್ಬರಿಗೊಬ್ಬರು ತಿಳಿಸದೆ ಇಬ್ಬರೂ ಹೋದರು. ನನ್ನ ಹೆಸರನ್ನು ಅವನು ಸಭೆಯಲ್ಲಿ ಎತ್ತಲಿಲ್ಲ. ನಾನೂ ಅಲ್ಲೇ ಕುಳಿತಿದ್ದೆ, ಬಾಯಿ ಬಿಡಲಿಲ್ಲ.